ಸಿಂಥೆಟಿಕ್ ಆಯಿಲ್: ಗಡಿ ದಾಟಿದರೆ ಬೆಲೆಯೂ ಬೇರೆ, ಅರ್ಥವೂ ಬೇರೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)

 

ಈ ವೇದಿಕೆಯಿಂದ ಸಾಮಾನ್ಯವಾಗಿ ಶಿಕ್ಷಣದ ಮಹತ್ವ, ಭಾಷೆಯ ಬೆಳವಣಿಗೆ, ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ ಮುಂತಾದ ವಿಷಯಗಳ ಮೇಲೆ ಮಾತುಗಳು ಬರುತ್ತವೆ. ಉರ್ದು ಮತ್ತು ಕನ್ನಡ ಪಾಠ ಹೇಳುವ ನಾನು ವಾಹನದ ಎಂಜಿನ್ ಆಯಿಲ್ ಬಗ್ಗೆ ಮಾತನಾಡುವುದು ತಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ನಮ್ಮ ಸಂಘದ ಮನೆಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಹಲವು ಮಕ್ಕಳ ತಂದೆಯವರು ಆಟೋ, ಟೆಂಪೊ, ಲಾರಿ ಓಡಿಸುತ್ತಾರೆ. ಕೆಲವರದ್ದು ಗ್ಯಾರೇಜು, ಕೆಲವರದ್ದು ಸ್ಪೇರ್ ಪಾರ್ಟ್ಸ್ ಅಂಗಡಿ. ಅಣ್ಣಂದಿರು, ಮಾಮಂದಿರು ದುಬೈ, ದಮ್ಮಾಮ್, ದೋಹಾಗಳಲ್ಲಿ ದುಡಿಯುತ್ತಾರೆ. ಅವರು ರಜೆಗೆ ಬರುವಾಗ ಖರ್ಜೂರ, ಅತ್ತರಿನ ಜೊತೆಗೆ ಒಂದು ಆಯಿಲ್ ಡಬ್ಬಿ ತರುವುದೂ ಉಂಟು. ತರಗತಿಯಲ್ಲಿ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಸರ್, ಅಲ್ಲಿ ಇಷ್ಟು ಅಗ್ಗಕ್ಕೆ ಸಿಗುವ ಸಿಂಥೆಟಿಕ್ ಆಯಿಲ್ ಇಲ್ಲಿ ಯಾಕೆ ಇಷ್ಟು ದುಬಾರಿ? ಅಲ್ಲಿಯದೇ ಒಳ್ಳೆಯದಾ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ, ಗಣಿತ, ಕೊನೆಗೆ ಭಾಷೆಯೂ ಬರುತ್ತದೆ. ಆದ್ದರಿಂದ ಇದನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಸಿಂಥೆಟಿಕ್ ಎಂದರೇನು?

ಮೊದಲು ಆಯಿಲ್ ಮಾಡುವ ಕೆಲಸವನ್ನು ತಿಳಿಯೋಣ. ಎಂಜಿನಿನೊಳಗೆ ಲೋಹಕ್ಕೆ ಲೋಹ ಉಜ್ಜದಂತೆ ನಡುವೆ ಒಂದು ತೆಳು ಪೊರೆಯಾಗಿ ನಿಲ್ಲುವುದು, ಬಿಸಿಯನ್ನು ಹೊತ್ತೊಯ್ಯುವುದು, ಮಸಿ ಮತ್ತು ಕೊಳೆಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು, ತುಕ್ಕು ಹಿಡಿಯದಂತೆ ಕಾಯುವುದು, ಇವು ಅದರ ಕೆಲಸಗಳು. ಡಬ್ಬಿಯಲ್ಲಿರುವ ಆಯಿಲ್‌ನಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೇಸ್ ಆಯಿಲ್, ಅಂದರೆ ಮೂಲ ತೈಲ. ಉಳಿದದ್ದು ಅದಕ್ಕೆ ಬೆರೆಸುವ ರಾಸಾಯನಿಕಗಳು. ಇವನ್ನು ಅಡಿಟಿವ್ ಎನ್ನುತ್ತಾರೆ.

ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಅಂದರೆ ಎಪಿಐ, ಮೂಲ ತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಒಂದನೆಯ ಗುಂಪು ಕಚ್ಚಾ ತೈಲದಿಂದ ಹಳೆಯ ವಿಧಾನದಲ್ಲಿ ಶುದ್ಧೀಕರಿಸಿದ್ದು. ಎರಡನೆಯ ಗುಂಪಿನಲ್ಲಿ ಹೈಡ್ರೋಜನ್ ಬಳಸಿ ಗಂಧಕವನ್ನು 0.03 ಶೇಕಡಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಸಿರುತ್ತಾರೆ. ಮೂರನೆಯ ಗುಂಪಿನಲ್ಲಿ ಇದೇ ಕೆಲಸ ಇನ್ನೂ ತೀವ್ರವಾಗಿ ನಡೆದು, ಬಿಸಿಯಾದರೂ ಆಯಿಲ್ ಅಷ್ಟಾಗಿ ತೆಳುವಾಗದ ಗುಣ ಬರುತ್ತದೆ. ಈ ಗುಣವನ್ನು ಅಳೆಯುವ ಸೂಚ್ಯಂಕ ಇಲ್ಲಿ 120 ಅಥವಾ ಅದಕ್ಕಿಂತ ಹೆಚ್ಚಿರಬೇಕು. ನಾಲ್ಕನೆಯ ಗುಂಪು ಪಿಎಒ ಎಂಬ ದ್ರವ. ಇದನ್ನು ಎಥಿಲೀನ್ ಅನಿಲದಿಂದ ಆರಂಭಿಸಿ, ಸಣ್ಣ ಅಣುಗಳನ್ನು ಜೋಡಿಸುತ್ತಾ ಕಾರ್ಖಾನೆಯಲ್ಲೇ ಕಟ್ಟುತ್ತಾರೆ. ಎಸ್ಟರ್ ಮೊದಲಾದ ಉಳಿದೆಲ್ಲವೂ ಐದನೆಯ ಗುಂಪಿಗೆ ಸೇರುತ್ತವೆ.

ಜೆಟ್ ವಿಮಾನಗಳ ಎಂಜಿನ್‌ಗಳಿಗೆ ಎಸ್ಟರ್ ಆಯಿಲ್ ಬಹಳ ಹಿಂದೆಯೇ ಬಂದಿತ್ತು. ಕಾರುಗಳಿಗೆ ಇದು ಬಂದದ್ದು 1970ರ ದಶಕದಲ್ಲಿ. ಅಮೆರಿಕದ ಆಮ್ಸಾಯಿಲ್ ಕಂಪನಿಯದು 1972ರಲ್ಲಿ, ಮೊಬಿಲ್ 1 ಎಂಬುದು 1974ರಲ್ಲಿ ಮಾರುಕಟ್ಟೆಗೆ ಬಂದವು. ಆಗ ಸಿಂಥೆಟಿಕ್ ಎಂದರೆ ಅಣುವಿನಿಂದ ಅಣು ಜೋಡಿಸಿ ಕಟ್ಟಿದ ತೈಲ ಎಂದೇ ಅರ್ಥವಿತ್ತು, ಅಂದರೆ ನಾಲ್ಕು ಮತ್ತು ಐದನೆಯ ಗುಂಪುಗಳು.

ಒಂದೇ ಪದ, ಎರಡು ಅರ್ಥ

ಇಲ್ಲಿ ನಾನು ನನ್ನ ಪಾಠಕ್ಕೆ ಬರುತ್ತೇನೆ. ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ಅದೇ ಪದ ಕನ್ನಡಕ್ಕೆ ಬಂದು ತಾಲೀಮು ಆದಾಗ ಕುಸ್ತಿಯ ಅಭ್ಯಾಸ, ನಾಟಕದ ಪೂರ್ವಾಭ್ಯಾಸ ಎಂಬ ಅರ್ಥ ಪಡೆಯಿತು. ಉರ್ದುವಿನ ರಾಜೀನಾಮಾ ಎಂದರೆ ಇಬ್ಬರ ನಡುವಿನ ಒಪ್ಪಂದದ ಪತ್ರ. ಕನ್ನಡದ ರಾಜೀನಾಮೆ ಎಂದರೆ ಕೆಲಸ ಬಿಡುವ ಪತ್ರ. ಅಕ್ಷರ ಅದೇ, ಉಚ್ಚಾರ ಹೆಚ್ಚುಕಡಿಮೆ ಅದೇ, ಅರ್ಥ ಬೇರೆ. ಇದು ಗೊತ್ತಿಲ್ಲದವನು ಒಪ್ಪಂದಕ್ಕೆ ಹೋಗಿ ಕೆಲಸ ಕಳೆದುಕೊಂಡಾನು!

ಸಿಂಥೆಟಿಕ್ ಎಂಬ ಪದಕ್ಕೂ ಹೀಗೆಯೇ ಆಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪನಿ ತನ್ನ ಸಿಂಟೆಕ್ ಎಂಬ ಆಯಿಲ್‌ನಲ್ಲಿ ಪಿಎಒ ಬದಲು ಮೂರನೆಯ ಗುಂಪಿನ ತೈಲ ಬಳಸಿ, ಸಿಂಥೆಟಿಕ್ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡಿತು. ಮೊಬಿಲ್ ಕಂಪನಿ ಇದನ್ನು ಆಕ್ಷೇಪಿಸಿ ಅಲ್ಲಿಯ ಜಾಹೀರಾತು ವಿವಾದಗಳನ್ನು ವಿಚಾರಿಸುವ ರಾಷ್ಟ್ರೀಯ ಜಾಹೀರಾತು ವಿಭಾಗದ ಮುಂದೆ ಹೋಯಿತು. ಇದು ಸರ್ಕಾರಿ ನ್ಯಾಯಾಲಯವಲ್ಲ, ವ್ಯಾಪಾರಿಗಳು ತಾವೇ ಕಟ್ಟಿಕೊಂಡ ವ್ಯವಸ್ಥೆ. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರವಾಗಿ ಬಂತು. ಕಚ್ಚಾ ತೈಲದ ಅಣುಗಳನ್ನು ರಾಸಾಯನಿಕ ಕ್ರಿಯೆಯಿಂದ ಅಷ್ಟರಮಟ್ಟಿಗೆ ಬದಲಾಯಿಸಿದ ಮೇಲೆ ಅದನ್ನೂ ಸಿಂಥೆಟಿಕ್ ಎನ್ನಬಹುದು ಎಂದಾಯಿತು. ಅಂದಿನಿಂದ ಬಹುತೇಕ ದೇಶಗಳಲ್ಲಿ ಮೂರನೆಯ ಗುಂಪಿನ ಆಯಿಲ್ ಸಿಂಥೆಟಿಕ್ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿದೆ.

ಆದರೆ ಜರ್ಮನಿಯ ರೂಢಿ ಬೇರೆ. ಪೂರ್ಣ ಸಿಂಥೆಟಿಕ್ ಎಂಬ ಮಾತನ್ನು ಅಲ್ಲಿ ಪಿಎಒ ಮತ್ತು ಎಸ್ಟರ್ ಆಧಾರಿತ ಆಯಿಲ್‌ಗಳಿಗೆ ಬಳಸುತ್ತಾರೆ. ಮೂರನೆಯ ಗುಂಪಿನದಕ್ಕೆ ಎಚ್‌ಸಿ ಸಿಂಥೆಸಿಸ್ ಎಂಬಂಥ ಬೇರೆ ಹೆಸರು ಬರೆಯುತ್ತಾರೆ. ಹೀಗಾಗಿ ಅಮೆರಿಕದಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ ಫುಲ್ಲಿ ಸಿಂಥೆಟಿಕ್ ಎಂದು ಕರೆಸಿಕೊಳ್ಳುವ ಒಂದು ಡಬ್ಬಿ ಜರ್ಮನಿಯ ಅಂಗಡಿಯಲ್ಲಿ ಆ ಹೆಸರನ್ನು ಕಳೆದುಕೊಳ್ಳಬಹುದು. ಸೆಮಿ ಸಿಂಥೆಟಿಕ್ ಎಂದು ಬರೆದ ಡಬ್ಬಿಯಂತೂ ಎಷ್ಟು ಪಾಲು ಸಿಂಥೆಟಿಕ್ ಎಂಬುದನ್ನು ಸಾಮಾನ್ಯವಾಗಿ ಹೇಳುವುದೇ ಇಲ್ಲ.

ಮೂರನೆಯ ಗುಂಪು ಕೆಳಮಟ್ಟದ್ದು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಗಮನಿಸಿ. ನಮ್ಮ ಹವಾಮಾನದಲ್ಲಿ ದಿನನಿತ್ಯದ ವಾಹನಕ್ಕೆ ಒಳ್ಳೆಯ ಅಡಿಟಿವ್ ಸೇರಿದ ಮೂರನೆಯ ಗುಂಪಿನ ಆಯಿಲ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಾನು ಹೇಳುವುದಿಷ್ಟೇ: ಎರಡು ದೇಶಗಳ ಸಿಂಥೆಟಿಕ್ ಬೆಲೆಯನ್ನು ಹೋಲಿಸುವ ಮೊದಲು, ನಾವು ಒಂದೇ ವಸ್ತುವನ್ನು ಹೋಲಿಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಬೆಲೆ ಏಕೆ ಬೇರೆ?

ವಸ್ತು ಒಂದೇ ಎಂದು ಇಟ್ಟುಕೊಳ್ಳೋಣ. ಆಗಲೂ ಬೆಲೆ ಬೇರೆಯಾಗುತ್ತದೆ. ಅದಕ್ಕೆ ಕಾರಣಗಳು ಹಲವು.

ಮೊದಲನೆಯದು ತೆರಿಗೆ. ನಮ್ಮಲ್ಲಿ ಪೆಟ್ರೋಲ್, ಡೀಸೆಲ್‌ಗಳು ಜಿಎಸ್‌ಟಿಯ ಹೊರಗಿವೆ. ಆದರೆ ಎಂಜಿನ್ ಆಯಿಲ್ ಜಿಎಸ್‌ಟಿಯ ಒಳಗಿದೆ ಮತ್ತು ಅದರ ದರ ಶೇಕಡಾ 18. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2018ರ ಜನವರಿಯಿಂದ ವ್ಯಾಟ್ ಶೇಕಡಾ 5. ಸೌದಿಯಲ್ಲೂ 2018ರಲ್ಲಿ 5 ಇತ್ತು, 2020ರ ಜುಲೈಯಿಂದ 15 ಆಯಿತು. ಬಹರೇನ್‌ನಲ್ಲಿ 2022ರ ಜನವರಿಯಿಂದ 10. ಕತಾರ್ ಮತ್ತು ಕುವೈತ್‌ಗಳಲ್ಲಿ ವ್ಯಾಟ್ ಇಲ್ಲ. ಅಂದರೆ ತೆರಿಗೆಗೆ ಮುಂಚೆ 1000 ರೂಪಾಯಿ ಬಾಳುವ ಡಬ್ಬಿ ಈ ಒಂದು ತೆರಿಗೆಯಿಂದಲೇ ನಮ್ಮಲ್ಲಿ 1180, ಸೌದಿಯಲ್ಲಿ 1150, ದುಬೈಯಲ್ಲಿ 1050 ಆಗುತ್ತದೆ. ದೋಹಾದಲ್ಲಿ 1000ಕ್ಕೇ ನಿಲ್ಲುತ್ತದೆ. ಹೊರಗಿನಿಂದ ಬರುವ ಸರಕಿನ ಮೇಲೆ ಕೊಲ್ಲಿ ರಾಷ್ಟ್ರಗಳೆಲ್ಲ ಸೇರಿ 2003ರಿಂದ ಸಾಮಾನ್ಯವಾಗಿ ಶೇಕಡಾ 5ರ ಸಮಾನ ಸುಂಕ ಇಟ್ಟುಕೊಂಡಿವೆ. ಇನ್ನೊಂದು ಸೂಕ್ಷ್ಮವಿದೆ. ನಮ್ಮ ಡಬ್ಬಿಯ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡ ಬೆಲೆ. ಅಮೆರಿಕದ ಅಂಗಡಿಯಲ್ಲಿ ಬರೆದಿರುವುದು ಸಾಮಾನ್ಯವಾಗಿ ತೆರಿಗೆ ಸೇರದ ಬೆಲೆ, ಅದು ಬಿಲ್ ಮಾಡುವಾಗ ಸೇರುತ್ತದೆ. ಫೋಟೊದಲ್ಲಿ ಬೆಲೆ ನೋಡಿ ಹೋಲಿಸುವವರು ಇದನ್ನು ಮರೆಯಬಾರದು.

ಎರಡನೆಯದು ನಾಣ್ಯ. ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್. ಸೌದಿ ರಿಯಾಲ್ 3.75. ಆದರೆ ನಮ್ಮ ರೂಪಾಯಿ ಡಾಲರಿನ ಎದುರು ಏರಿಳಿಯುತ್ತದೆ. 2005ರ ಸುಮಾರಿಗೆ ಡಾಲರಿಗೆ 44 ರೂಪಾಯಿ ಇದ್ದಾಗ ಒಂದು ದಿರ್ಹಮ್ ಸುಮಾರು 12 ರೂಪಾಯಿ. ಡಾಲರ್ 90 ರೂಪಾಯಿಯಾದರೆ ದಿರ್ಹಮ್ 24 ರೂಪಾಯಿ 50 ಪೈಸೆ. ಅಲ್ಲಿ ಒಂದು ಡಬ್ಬಿಯ ಬೆಲೆ 20 ದಿರ್ಹಮ್ ಎಂದೇ ಉಳಿದಿದ್ದರೂ ನಮ್ಮ ಲೆಕ್ಕದಲ್ಲಿ ಅದು 240ರಿಂದ 490ಕ್ಕೆ ಏರಿತು. "ಅಲ್ಲಿ ಅಗ್ಗ" ಎಂದು ಹಿರಿಯರು ಇಪ್ಪತ್ತು ವರ್ಷದ ಹಿಂದೆ ಹೇಳಿದ ಮಾತನ್ನು ಇಂದು ಮತ್ತೆ ಲೆಕ್ಕ ಹಾಕಿಯೇ ನಂಬಬೇಕು.

ಮೂರನೆಯದು ಅಳತೆ. ಅಮೆರಿಕದಿಂದ ಬರುವ ಸಣ್ಣ ಡಬ್ಬಿಯಲ್ಲಿ ಇರುವುದು ಒಂದು ಲೀಟರ್ ಅಲ್ಲ, ಒಂದು ಕ್ವಾರ್ಟ್. ಅಂದರೆ 946 ಮಿಲಿಲೀಟರ್. ಒಂದು ಗ್ಯಾಲನ್ ಎಂದರೆ 3.785 ಲೀಟರ್, ನಾಲ್ಕು ಲೀಟರ್ ಅಲ್ಲ. ನಮ್ಮಲ್ಲೂ ಬೈಕಿನ ಆಯಿಲ್ 800, 900 ಮಿಲಿಲೀಟರಿನ ಡಬ್ಬಿಗಳಲ್ಲಿ ಬರುತ್ತದೆ. ಒಂದು ಲೆಕ್ಕ ಮಾಡೋಣ. 946 ಮಿಲಿಲೀಟರಿನ ಡಬ್ಬಿ 473 ರೂಪಾಯಿ, ಒಂದು ಲೀಟರಿನ ಡಬ್ಬಿ 490 ರೂಪಾಯಿ ಎಂದಿಟ್ಟುಕೊಳ್ಳಿ. ಯಾವುದು ಅಗ್ಗ? 473 ಅನ್ನು 0.946ರಿಂದ ಭಾಗಿಸಿದರೆ ಲೀಟರಿಗೆ 500 ರೂಪಾಯಿ ಬರುತ್ತದೆ. ಅಗ್ಗವಾಗಿ ಕಂಡದ್ದೇ ದುಬಾರಿ. ಏಳನೆಯ ತರಗತಿಯ ಗಣಿತ ಇಲ್ಲಿ ಕೆಲಸಕ್ಕೆ ಬಂತು.

ನಾಲ್ಕನೆಯದು ಡಬ್ಬಿಯ ಬೆಲೆಯೊಳಗೆ ಅಡಗಿರುವ ಇತರ ಖರ್ಚುಗಳು: ವಾಹನ ಕಂಪನಿಗಳ ಪರೀಕ್ಷೆ ಮತ್ತು ಮಂಜೂರಾತಿಯ ಶುಲ್ಕ, ಜಾಹೀರಾತು, ವಿತರಕರ ಲಾಭ, ಸಾಗಾಣಿಕೆ. ಜರ್ಮನಿಯಲ್ಲಿ ಎಂಜಿನ್ ಆಯಿಲ್ ಮಾರುವ ಅಂಗಡಿ ಅಷ್ಟೇ ಪ್ರಮಾಣದ ಹಳೆಯ ಆಯಿಲ್ಲನ್ನು ಉಚಿತವಾಗಿ ವಾಪಸು ಪಡೆಯಬೇಕು ಎಂಬ ಕಾನೂನಿದೆ. ಆ ಖರ್ಚೂ ಅಲ್ಲಿಯ ವ್ಯಾಪಾರದಲ್ಲಿ ಸೇರಿಕೊಂಡಿರುತ್ತದೆ.

ಎಲ್ಲಿ ತಯಾರಾಗುತ್ತದೆ, ಎಲ್ಲಿ ಸಿಗುತ್ತದೆ?

ಬೆಲೆಯ ನಂತರ ಲಭ್ಯತೆಯ ಪ್ರಶ್ನೆ. ಒಳ್ಳೆಯ ಆಯಿಲ್ ಎಂದರೆ ಯುರೋಪು, ಅಮೆರಿಕದ್ದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಆದರೆ ಮೂರನೆಯ ಗುಂಪಿನ ಮೂಲ ತೈಲದ ಭೂಪಟ ತೆರೆದರೆ ಏಷ್ಯಾ ಎದ್ದು ಕಾಣುತ್ತದೆ. ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಎಸ್‌ಕೆ ಕಂಪನಿ 1995ರಲ್ಲಿ ಇದರ ಉತ್ಪಾದನೆ ಆರಂಭಿಸಿ ಜಗತ್ತಿನ ದೊಡ್ಡ ಉತ್ಪಾದಕರಲ್ಲಿ ಒಂದಾಯಿತು. 2011ರಲ್ಲಿ ಕತಾರಿನ ರಾಸ್ ಲಫ್ಫಾನ್‌ನಲ್ಲಿ ಪರ್ಲ್ ಎಂಬ ಬೃಹತ್ ಸ್ಥಾವರ ಆರಂಭವಾಯಿತು. ಅಲ್ಲಿ ನೈಸರ್ಗಿಕ ಅನಿಲವನ್ನೇ ದ್ರವವಾಗಿ ಪರಿವರ್ತಿಸಿ ಮೂಲ ತೈಲ ತೆಗೆಯುವ ವ್ಯವಸ್ಥೆ ಮಾಡಿದರು. ಅದೇ ವರ್ಷ ಬಹರೇನ್‌ನ ಸಿತ್ರಾದಲ್ಲಿ ವರ್ಷಕ್ಕೆ 4 ಲಕ್ಷ ಟನ್ ಸಾಮರ್ಥ್ಯದ ಸ್ಥಾವರ ಬಂತು. ಆಮೇಲೆ ಅಬುಧಾಬಿಯ ರುವೈಸ್‌ನಲ್ಲೂ ಬಂತು.

ಭಾರತ ತನಗೆ ಬೇಕಾದ ಮೂಲ ತೈಲದ ದೊಡ್ಡ ಪಾಲನ್ನು ಆಮದು ಮಾಡಿಕೊಳ್ಳುವ ದೇಶ. ಕೊರಿಯಾದಿಂದಲೂ ಕೊಲ್ಲಿಯಿಂದಲೂ ತರಿಸಿ, ಇಲ್ಲಿ ಅಡಿಟಿವ್ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಹಾಗಾಗಿ ನಮ್ಮೂರಿನ ಅಂಗಡಿಯ ಡಬ್ಬಿಯಲ್ಲಿರುವ ತೈಲವೂ ಮಾಮ ದುಬೈಯಿಂದ ತಂದ ಡಬ್ಬಿಯ ತೈಲವೂ ಒಂದೇ ಸ್ಥಾವರದಿಂದ ಹೊರಟದ್ದಾಗಿದ್ದರೆ ಆಶ್ಚರ್ಯವಿಲ್ಲ. ಹೊರಗಿನ ಬಣ್ಣ, ಬೆಲೆ ಮತ್ತು ಭಾಷೆ ಮಾತ್ರ ಬೇರೆ.

ಅಡಿಟಿವ್‌ಗಳ ಕಥೆ ಇನ್ನೂ ಇಕ್ಕಟ್ಟಿನದು. ಜಗತ್ತಿನ ಎಂಜಿನ್ ಆಯಿಲ್ ಅಡಿಟಿವ್ ವ್ಯಾಪಾರದ ಬಹುಪಾಲು ಲುಬ್ರಿಜಾಲ್, ಇನ್ಫೈನಿಯಂ, ಅಫ್ಟನ್, ಷೆವ್ರಾನ್ ಒರೊನೈಟ್ ಎಂಬ ನಾಲ್ಕು ಕಂಪನಿಗಳ ಕೈಯಲ್ಲಿದೆ. ಒಂದು ಕಡೆ ತೊಂದರೆಯಾದರೆ ಎಲ್ಲ ಕಡೆ ಅದರ ಬಿಸಿ ತಟ್ಟುತ್ತದೆ. 2019ರ ಸೆಪ್ಟೆಂಬರ್ 26ರಂದು ಫ್ರಾನ್ಸಿನ ರುವಾನ್ ನಗರದಲ್ಲಿ ಲುಬ್ರಿಜಾಲ್ ಕಾರ್ಖಾನೆಗೆ ದೊಡ್ಡ ಬೆಂಕಿ ಬಿತ್ತು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬೀಸಿ ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳು ಮುಚ್ಚಿದವು. ಆ ವರ್ಷ ಮೂಲ ತೈಲ, ಅಡಿಟಿವ್ ಎರಡಕ್ಕೂ ಕೊರತೆಯಾಗಿ ಅನೇಕ ದೇಶಗಳಲ್ಲಿ ಆಯಿಲ್ ಬೆಲೆ ಏರಿತು. ಕತಾರ್, ಬಹರೇನ್‌ಗಳಿಂದ ಹೊರಡುವ ಹಡಗು ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ದೂರದ ಊರಿನ ಚಳಿ, ಬೆಂಕಿ, ಯುದ್ಧದ ಸುದ್ದಿ ನಮ್ಮ ಗ್ಯಾರೇಜಿನ ಬಿಲ್ಲಿಗೆ ಬರುವುದು ಹೀಗೆ. ಭೂಗೋಳ ಪಾಠದಲ್ಲಿ ಜಲಸಂಧಿಯ ಹೆಸರನ್ನು ಬಾಯಿಪಾಠ ಮಾಡುವಾಗ ಇದನ್ನು ನೆನಪಿಡಿ.

ಲಭ್ಯತೆಗೆ ಮತ್ತೊಂದು ಕಾರಣ ಆಯಾ ದೇಶದ ವಾಹನಗಳು. ಅಂಗಡಿಯವನು ತನ್ನ ಊರಿನ ಗಾಡಿಗಳಿಗೆ ಬೇಕಾದದ್ದನ್ನೇ ಇಡುತ್ತಾನೆ. ಕೊಲ್ಲಿಯ ರಸ್ತೆಗಳಲ್ಲಿ ಕಾರುಗಳೇ ಹೆಚ್ಚು, ಆದ್ದರಿಂದ ಅಲ್ಲಿ ನಾಲ್ಕು ಲೀಟರಿನ ಕಾರ್ ಆಯಿಲ್ ಎಲ್ಲೆಡೆ ಸಿಗುತ್ತದೆ. ನಮ್ಮ ದೇಶ ದ್ವಿಚಕ್ರ ವಾಹನಗಳ ದೇಶ, ಇಲ್ಲಿ ಬೈಕಿನ ಆಯಿಲ್ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಜಪಾನಿನ ಕೆಲವು ಹೊಸ ಕಾರುಗಳಿಗೆಂದು 0ಡಬ್ಲ್ಯು-8 ಎಂಬ ಬಹಳ ತೆಳುವಾದ ಆಯಿಲ್ ಬಂದಿದೆ. ಅದನ್ನು ನಮ್ಮ ಹಳ್ಳಿಯ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಆದ್ದರಿಂದ ಇಡುವುದೂ ಇಲ್ಲ. ಒಂದು ಆಯಿಲ್ ನಮ್ಮಲ್ಲಿ ಸಿಗುವುದಿಲ್ಲ ಎಂದ ಮಾತ್ರಕ್ಕೆ ಅದು ಉತ್ತಮವಾದದ್ದು ಎಂದಾಗುವುದಿಲ್ಲ.

ಸೂಟ್‌ಕೇಸಿನಲ್ಲಿ ಬಂದ ಡಬ್ಬಿ

ಈಗ ನಷ್ಟದ ಮಾತಿಗೆ ಬರುತ್ತೇನೆ. ಕೊಲ್ಲಿಯಿಂದ ಬಂದ ಕಾರಿನ ಸಿಂಥೆಟಿಕ್ ಆಯಿಲ್ಲನ್ನು ಪ್ರೀತಿಯಿಂದ ತಮ್ಮನ ಬೈಕಿಗೆ ಹಾಕುತ್ತಾರೆ. ನಮ್ಮ ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲೆಂದು ತೆಳು ಕಾರ್ ಆಯಿಲ್‌ಗಳಲ್ಲಿ ಜಾರುವಿಕೆ ಹೆಚ್ಚಿಸುವ ರಾಸಾಯನಿಕ ಬೆರೆಸಿರುತ್ತಾರೆ. ಕಾರಿಗೆ ಅದು ವರ. ಬೈಕಿನಲ್ಲಿ ಅದೇ ಆಯಿಲ್‌ನಿಂದ ಕ್ಲಚ್ ಪ್ಲೇಟುಗಳು ಜಾರುವ ಅಪಾಯವಿದೆ. ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಆದ್ದರಿಂದಲೇ ಜಪಾನಿನ ಜಾಸೊ ಸಂಸ್ಥೆ 1998ರಲ್ಲಿ ಬೈಕುಗಳಿಗೆ ಎಂಎ ಮತ್ತು ಎಂಬಿ ಎಂಬ ಗುರುತುಗಳನ್ನು ತಂದಿತು. ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಇರುವ ಬೈಕಿಗೆ ಎಂಎ ಅಥವಾ ಎಂಎ2 ಬೇಕು. ಗೇರಿಲ್ಲದ ಸ್ಕೂಟರುಗಳ ಕ್ಲಚ್ ಒಣಗಿರುತ್ತದೆ, ಅದಕ್ಕೆ ಎಂಬಿ ನಡೆಯುತ್ತದೆ.

ಡೀಸೆಲ್ ವಾಹನಗಳ ಕಥೆಯೂ ಹೀಗೆಯೇ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂತು. ಹೊಸ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದು ಸುಡುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಆಯಿಲ್‌ನಲ್ಲಿರುವ ಲೋಹದ ಅಂಶ ಉರಿದು ಬೂದಿಯಾದರೆ ಆ ಬೂದಿ ಸುಡುವುದಿಲ್ಲ, ಶೋಧಕದಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಇಂಥ ಕಾರುಗಳ ಕೈಪಿಡಿಯಲ್ಲಿ ಕಡಿಮೆ ಬೂದಿಯ ಆಯಿಲ್ ಹೇಳಿರುತ್ತಾರೆ. ಯುರೋಪಿನ ಎಸಿಇಎ ಗುರುತಿನಲ್ಲಿ ಅದು ಸಿ2, ಸಿ3 ಎಂದು ಬರುತ್ತದೆ. ಹಳೆಯ ಎಂಜಿನ್‌ಗಳಿಗೆಂದು ತಯಾರಾದ ಆಯಿಲ್ ಸಿಂಥೆಟಿಕ್ ಆಗಿದ್ದರೂ, ಎಷ್ಟೇ ದುಬಾರಿಯಾಗಿದ್ದರೂ, ಇಲ್ಲಿ ಹಾನಿಯನ್ನೇ ಮಾಡುತ್ತದೆ. ಶೋಧಕ ಬದಲಾಯಿಸುವ ಖರ್ಚಿನ ಮುಂದೆ ಡಬ್ಬಿಯಲ್ಲಿ ಉಳಿಸಿದ ಹಣ ಏನೂ ಅಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ?

ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬುದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. 5ಡಬ್ಲ್ಯು ಆಯಿಲ್ಲನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 20ಡಬ್ಲ್ಯು ಆಯಿಲ್ಲನ್ನು 15 ಡಿಗ್ರಿ ಕೆಳಗೆ. ಕಲಬುರಗಿಯಲ್ಲಾಗಲಿ ರಿಯಾದ್‌ನಲ್ಲಾಗಲಿ ಅಂಥ ಚಳಿ ಬರುವುದಿಲ್ಲ. ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ನಮ್ಮಂಥ ಬಿಸಿ ನಾಡಿನಲ್ಲಿ ಸಿಂಥೆಟಿಕ್‌ನ ಲಾಭವೆಂದರೆ ಅದು ಬೇಗ ಆವಿಯಾಗುವುದಿಲ್ಲ, ಬೇಗ ಕೆಡುವುದಿಲ್ಲ, ಟರ್ಬೊ ಇರುವ ಎಂಜಿನ್‌ನ ಬಿಸಿಯನ್ನು ತಡೆಯುತ್ತದೆ.

ಇದಕ್ಕೆ ಎಷ್ಟು ಹಣ ಕೊಡಬಹುದು? ಇದನ್ನು ಕಿಲೋಮೀಟರ್ ಲೆಕ್ಕದಲ್ಲಿ ನೋಡಬೇಕು. ಉದಾಹರಣೆಗೆ, ದಿನಕ್ಕೆ 100 ಕಿ.ಮೀ. ಓಡುವ ಆಟೋಗೆ 400 ರೂಪಾಯಿಯ ಸಾಧಾರಣ ಆಯಿಲ್ ಹಾಕಿ 5000 ಕಿ.ಮೀ.ಗೆ ಬದಲಾಯಿಸುತ್ತಾರೆ ಎಂದುಕೊಳ್ಳಿ. ಐವತ್ತು ದಿನಕ್ಕೊಮ್ಮೆ ಖರ್ಚು, ಕಿಲೋಮೀಟರಿಗೆ 8 ಪೈಸೆ. 800 ರೂಪಾಯಿಯ ಸಿಂಥೆಟಿಕ್ ಹಾಕಿ 10,000 ಕಿ.ಮೀ. ಓಡಿಸಲು ಕೈಪಿಡಿ ಒಪ್ಪಿದರೆ ಆಗಲೂ 8 ಪೈಸೆಯೇ, ಗ್ಯಾರೇಜಿಗೆ ಹೋಗುವ ಒಂದು ದಿನದ ದುಡಿಮೆ ಉಳಿಯಿತು. ಆದರೆ ಕೈಪಿಡಿ 5000ಕ್ಕೇ ಬದಲಾಯಿಸಿ ಎಂದರೆ 16 ಪೈಸೆಯಾಗುತ್ತದೆ. ಆಗ ದುಬಾರಿ ಡಬ್ಬಿ ಕೊಂಡದ್ದರಿಂದ ಆ ತಂದೆಯ ಜೇಬಿಗೆ ನಷ್ಟವೇ. ಹೊಸ ಕಾರಿಗೆ ಕಂಪನಿಯೇ ತೆಳು ಸಿಂಥೆಟಿಕ್ ಹೇಳಿದ್ದರೆ ಮಾತ್ರ ಉಳಿತಾಯದ ಆಸೆಯಿಂದ ಸಾಧಾರಣ ಆಯಿಲ್ ಹಾಕಬಾರದು. ಎರಡೂ ಕಡೆ ತೀರ್ಪು ಕೈಪಿಡಿಯದು.

ಡಬ್ಬಿಯ ಬೆನ್ನನ್ನು ಓದಿ

ಪ್ರಿಯ ವಿದ್ಯಾರ್ಥಿಗಳೇ, ಡಬ್ಬಿಯ ಮುಂಭಾಗದಲ್ಲಿರುವ ಸಿಂಥೆಟಿಕ್, ಅಲ್ಟ್ರಾ, ಪ್ಲಸ್, ಪ್ರೀಮಿಯಂ ಮೊದಲಾದ ಪದಗಳ ಅರ್ಥ ದೇಶದಿಂದ ದೇಶಕ್ಕೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಿಂಭಾಗದ ಸಣ್ಣ ಅಕ್ಷರಗಳಲ್ಲಿರುವ ಗುರುತುಗಳು ಮಾತ್ರ ಗಡಿ ದಾಟಿದರೂ ಅರ್ಥ ಬದಲಿಸುವುದಿಲ್ಲ. ಎಪಿಐ ಗುರುತಿನಲ್ಲಿ ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್‌ಗೆ, ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್‌ಗೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಮಾನದಂಡ ಹೊಸದು. ಎಸ್‌ಪಿ 2020ರಲ್ಲಿ ಬಂತು, ಎಸ್‌ಕ್ಯೂ 2025ರ ಮಾರ್ಚ್ 31ರಿಂದ ಆರಂಭವಾಯಿತು. ಎಸ್‌ಎಫ್, ಎಸ್‌ಜಿಗಳನ್ನು ಎಪಿಐ ಹಳತಾದವು ಎಂದು ಬದಿಗಿಟ್ಟು ಬಹಳ ಕಾಲವಾಯಿತು.

ಕೊಳ್ಳುವಾಗ ಇಷ್ಟು ನೋಡಿ. ಗಾಡಿಯ ಕೈಪಿಡಿಯಲ್ಲಿ ಹೇಳಿರುವ ಗಟ್ಟಿತನದ ಅಂಕಿ ಇದೆಯೇ? ಅದೇ ಎಪಿಐ, ಎಸಿಇಎ ಅಥವಾ ಜಾಸೊ ಗುರುತು ಇದೆಯೇ? ಡಬ್ಬಿಯಲ್ಲಿ ನಿಜವಾಗಿ ಎಷ್ಟು ಮಿಲಿಲೀಟರ್ ಇದೆ? ತೆರಿಗೆ ಸೇರಿ ಲೀಟರಿಗೆ ಎಷ್ಟು, ಕಿಲೋಮೀಟರಿಗೆ ಎಷ್ಟು? ಕೊನೆಯದಾಗಿ, ಆಮದಾದ ಡಬ್ಬಿಯಾದರೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ ಮತ್ತು ಎಂಆರ್‌ಪಿ ಅದರ ಮೇಲೆ ಇವೆಯೇ? 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಇವು ಇರಲೇಬೇಕು. ಇಲ್ಲದಿದ್ದರೆ ಅನುಮಾನಿಸಿ, ಬಿಲ್ ಕೇಳಿ. ಮೋಸವಾದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು.

ಅಂಗಡಿ ಮತ್ತು ಗ್ಯಾರೇಜು ನಡೆಸುವ ಹಿರಿಯರಿಗೂ ಒಂದು ಅರಿಕೆ. ಖಾಲಿ ಡಬ್ಬಿಗಳನ್ನು ಸಂಗ್ರಹಿಸಿ ಅದರಲ್ಲಿ ಕಳಪೆ ಆಯಿಲ್ ತುಂಬಿ ಮಾರುವ ದಂಧೆ ಇಲ್ಲೂ ಇದೆ, ಹೊರದೇಶಗಳಲ್ಲೂ ಇದೆ. ಆಯಿಲ್ ಹಾಕಿದ ಮೇಲೆ ಖಾಲಿ ಡಬ್ಬಿಗೆ ಗಿರಾಕಿಯ ಎದುರಿಗೇ ತೂತು ಮಾಡಿಬಿಟ್ಟರೆ ಆ ದಂಧೆಗೆ ಸರಕು ಸಿಗುವುದಿಲ್ಲ. ಹಳೆಯ ಆಯಿಲ್ಲನ್ನು ಚರಂಡಿಗೆ ಬಿಡದೆ ನೋಂದಾಯಿತ ಸಂಗ್ರಹಕಾರರಿಗೆ ಕೊಡಿ. ಪವಿತ್ರ ಕುರ್‌ಆನಿನ 83ನೆಯ ಸೂರಾದ ಹೆಸರೇ ಅಲ್ ಮುತಫ್ಫಿಫೀನ್, ಅಂದರೆ ಅಳತೆ ತೂಕದಲ್ಲಿ ಕಡಿಮೆ ಕೊಡುವವರು. ಹಜರತ್ ಶುಐಬ್ ಅಲೈಹಿಸ್ಸಲಾಮರು ಮದ್ಯನಿನ ಜನರನ್ನು ಎಚ್ಚರಿಸಿದ್ದೂ ಇದೇ ವಿಷಯಕ್ಕೆ. ಸಾಧಾರಣ ಆಯಿಲ್ಲನ್ನು ಸಿಂಥೆಟಿಕ್ ಎಂದು ಹೇಳಿ ಮಾರುವುದು, ಓದಲು ಬಾರದ ಗಿರಾಕಿಗೆ ಬೇಡದ ದುಬಾರಿ ಡಬ್ಬಿ ಕಟ್ಟುವುದು, ಇವೂ ತಕ್ಕಡಿಯ ಮೋಸಗಳೇ. ಹಲಾಲ್ ರಿಜ್ಕ್ ಎಂಬುದು ಊಟದ ತಟ್ಟೆಗೆ ಮಾತ್ರ ಸಂಬಂಧಿಸಿದ್ದಲ್ಲ.

ಮಕ್ಕಳೇ, ನಮ್ಮ ಧರ್ಮದ ಮೊದಲ ವಹೀ ಓದುವ ಆದೇಶದಿಂದಲೇ ಆರಂಭವಾಯಿತು ಎಂಬುದನ್ನು ನೀವು ಸಣ್ಣಂದಿನಿಂದ ಕೇಳಿದ್ದೀರಿ. ಆ ಓದು ಪರೀಕ್ಷೆಯ ಪುಸ್ತಕಕ್ಕೆ ನಿಲ್ಲಬಾರದು. ನಿಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದಬಲ್ಲವರು ನೀವೊಬ್ಬರೇ ಇರಬಹುದು. ಅಬ್ಬಾಜಾನ್ ದಿನವಿಡೀ ದುಡಿದ ಹಣದಲ್ಲಿ ಕೊಂಡು ತಂದ ಡಬ್ಬಿಯನ್ನು ನೀವು ತಿರುಗಿಸಿ ಓದಿ, ಕೈಪಿಡಿಯ ಜೊತೆ ಹೋಲಿಸಿ, ಅವರಿಗೆ ಅವರ ಭಾಷೆಯಲ್ಲಿ ತಿಳಿಸಿ. ಮುಂದೆ ನಿಮ್ಮಲ್ಲಿ ಒಬ್ಬರು ರಸಾಯನಶಾಸ್ತ್ರ ಓದಿ ತೈಲದ ಪ್ರಯೋಗಾಲಯ ಸೇರಬಹುದು, ಇನ್ನೊಬ್ಬರು ಕೊಲ್ಲಿಯ ಗ್ಯಾರೇಜಿನಲ್ಲಿ ಸಹಾಯಕನಾಗಿ ಅಲ್ಲ, ಮಾನದಂಡ ಬಲ್ಲ ತಂತ್ರಜ್ಞರಾಗಿ ಕೆಲಸಕ್ಕೆ ಸೇರಬಹುದು.

ಮುಂದಿನ ಶುಕ್ರವಾರದೊಳಗೆ ನನ್ನ ತರಗತಿಯ ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಮನೆಯ ಒಂದು ವಾಹನದ ಕೈಪಿಡಿಯಲ್ಲಿ ಯಾವ ಆಯಿಲ್ ಹೇಳಿದೆ, ಡಬ್ಬಿಯಲ್ಲಿ ಯಾವುದಿದೆ, ಲೀಟರಿಗೆ ಎಷ್ಟು ಬಿತ್ತು ಎಂಬುದನ್ನು ಅರ್ಧ ಪುಟ ಕನ್ನಡದಲ್ಲಿ, ಅರ್ಧ ಪುಟ ಉರ್ದುವಿನಲ್ಲಿ ಬರೆದು ತರಬೇಕು. ಅಂಕ ಕೊಡುತ್ತೇನೆ.

 ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ, ನಮ್ಮ ದುಡಿಮೆಯಲ್ಲಿ ಬರಕತ್ತನ್ನೂ ನೀಡಲಿ. ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.